ಕಿರ್ದಿ ಕೈಯಾಗ, ಖತಾವಣಿ ಫೋನ್ದಾಗ

ನಮ್ಮಪ್ಪ ಕಲಬುರಗಿ ಕಾಳಿನ ಬಜಾರ ನೆಹರು ಗಂಜ್‌ದಾಗ ಒಂದು ಅಡತಿ ಅಂಗಡ್ಯಾಗ, ಅಂದ್ರ ರೈತರ ಮಾಲು ಮಾರಿಸಿ ಕಮಿಷನ್ ತಗೊಳ್ಳೋ ಅಂಗಡ್ಯಾಗ, ಗುಮಾಸ್ತ ಇದ್ರು. ತೊಗರಿ ಬರೋ ಹೊತ್ತಿನ್ಯಾಗ, ಅಂದ್ರ ಡಿಸೆಂಬರ್ ಜನವರಿ ಫೆಬ್ರುವರಿಯೊಳಗ, ಅವ್ರು ಮನಿಗಿ ಬರೋದು ರಾತ್ರಿ ಹತ್ತಾಗ್ತಿತ್ತು, ಅಂಗಿ ತುಂಬ ಧೂಳು, ಬೆರಳಿಗಿ ಮಸಿ. ಅಂಗಡ್ಯಾಗ ಅವರ ಮುಂದ ಎರಡು ವಹಿ ಇರ್ತಿದ್ವು, ಎರಡಕ್ಕೂ ಕೆಂಪು ಬಟ್ಟಿ ರಟ್ಟು. ಒಂದು ಕಿರ್ದಿ, ಇನ್ನೊಂದು ಖತಾವಣಿ. ಕಿರ್ದಿ ಅಂದ್ರ ದಿನದ ವಹಿ, ಯಾರು ಬಂದ್ರು, ಎಷ್ಟು ಚೀಲ ಇಳದ್ವು, ಎಷ್ಟು ರೊಕ್ಕ ಕೊಟ್ವಿ, ಚಾದ ಖರ್ಚು ಎಷ್ಟು, ಎಲ್ಲಾ ಆದ ಕೂಡ್ಲೇ ಆದ ಸರತಿ ಪ್ರಕಾರ ಬರೀಬೇಕು. ಖತಾವಣಿ ಅಂದ್ರ ಅದೇ ಲೆಕ್ಕ ಆಮ್ಯಾಲ ಸಮಾಧಾನದಿಂದ ಕೂತು ಒಬ್ಬೊಬ್ಬರ ಹೆಸರಿನ ಕೆಳಗ ಎತ್ತಿ ಬರಿಯೋದು. ಕಿರ್ದಿ ಇಲ್ದ ಖತಾವಣಿ ಬರದ್ರ ಅದು ನೆನಪಿನ ಲೆಕ್ಕ ಆಗ್ತದ, ನೆನಪಿನ ಲೆಕ್ಕಕ್ಕ ಯಾರೂ ರೊಕ್ಕ ಕೊಡಂಗಿಲ್ಲ ಅಂತಿದ್ರು.

ನಾನು ಹತ್ತು ಹನ್ನೆರಡು ವರ್ಷದಿಂದ ನಮ್ಮ ಕಡೆ ಮಾತು, ಊಟ, ಹೊಲ, ಜಾತ್ರಿ ಬಗ್ಗೆ ಸಣ್ಣ ಸಣ್ಣ ಬರಹ ಬರದು ಆನ್‌ಲೈನ್ ಹಾಕ್ತೀನಿ. ಹಗಲೊತ್ತು ಒಂದು ದಾಲ್ ಮಿಲ್ಲಿನ ಆಫೀಸ್ನ್ಯಾಗ ಅಕೌಂಟ್ಸ್ ಕೆಲಸ, ಎಂಟು ತಾಸು ಕಂಪ್ಯೂಟರ್ ಮುಂದ. ಮೊದಲೆಲ್ಲಾ ಬರಿಯೋದು, ಕೂಡಿಡೋದು, ಹಾಕೋದು, ಹಾಕಿದ ಮ್ಯಾಲ ಯಾರು ನೋಡ್ಯಾರ ಅಂತ ನೋಡೋದು ಎಲ್ಲಾ ಒಂದೇ ಫೋನ್ದಾಗ ಮಾಡ್ತಿದ್ದೆ. ಒಂದು ಬ್ಯಾಸಗಿಯೊಳಗ ಆ ಫೋನು ನೀರಿನ ಡ್ರಮ್ಮಿನ್ಯಾಗ ಬಿತ್ತು, ನಾಕು ವರ್ಷದ ಟಿಪ್ಪಣಿ ಹೋದ್ವು, ಎಲ್ಲೂ ಕಾಪಿ ಇರ್ಲಿಲ್ಲ. ಅದರ ಹಿಂದ ಇನ್ನೊಂದು ಸಲ ಕಂಪ್ಯೂಟರ್ ಬದಲಾಯಿಸಿದಾಗ ಹಳೇ ಫಾಂಟಿನ್ಯಾಗ ಟೈಪ್ ಮಾಡಿದ್ದೆಲ್ಲಾ ಇಂಗ್ಲಿಷ್ ಅಕ್ಷರ, ಕೊಂಡಿ, ಚುಕ್ಕಿ ಹಿಂಗ ಕಾಣ್ಲಾಕ ಸುರು ಆಯ್ತು. ಭಾಳ ದಿನ ಮನಸಿಗಿ ಹತ್ತಿಬಿಟ್ಟಿತ್ತು. ಆವಾಗೇ ಅಪ್ಪನ ಎರಡು ವಹಿ ನೆನಪಾದ್ವು. ಕಿರ್ದಿ ಕೈಲೆ ಬರೀಬೇಕು, ಖತಾವಣಿ ಫೋನ್ದಾಗ ಇರ್ಲಿ, ಎರಡಕ್ಕೂ ಬ್ಯಾರೆ ಬ್ಯಾರೆ ಜಾಗ, ಬ್ಯಾರೆ ಬ್ಯಾರೆ ಹೊತ್ತು. ಇದನ್ನ ಹೆಂಗ ಮಾಡ್ಲತ್ತೀನಿ ಅಂತ ಇಲ್ಲಿ ಪೂರಾ ಬರೀತೀನಿ, ನಿಮಗೂ ಬರಿಯೋ ಚಾಳಿ ಇದ್ರ, ಅಥವಾ ಸುಮ್ನ ಫೋನು ಕೈಲಿಂದ ಇಳಿವಲ್ದು ಅಂತ ಅನಿಸ್ಲತ್ತಿದ್ರ ನೋಡ್ರಿ.

ಮೊದಲು ಒಂದು ವಾರ ಏನೂ ಬದಲಾಯಿಸಬ್ಯಾಡ್ರಿ. ಬರೇ ಎಣಿಸ್ರಿ. ಒಂದು ಚೀಟಿ ಕಿಸೆದಾಗ ಇಟ್ಕೊಂಡು ಫೋನು ಎತ್ತಿದಾಗೊಮ್ಮೆ ಟೈಮು ಬರದು ಮುಂದ ಎರಡು ಶಬ್ದದಾಗ ಯಾಕ ಎತ್ತಿದಿ ಅಂತ ಬರೀರಿ, "ಟೈಮ್ ನೋಡ್ಲಾಕ", "ಅಕ್ಕನ ಫೋನು", "ಸುಮ್ನ" ಹಿಂಗ. ಎಲ್ಲಾ ಸಲಾನೂ ಬರಿಲಾಕ ಆಗಂಗಿಲ್ಲ, ಆದಷ್ಟು ಬರೀರಿ ಸಾಕು. ಆಂಡ್ರಾಯ್ಡ್ ಫೋನಿದ್ರ ಸೆಟ್ಟಿಂಗ್ಸ್‌ದಾಗ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಇರ್ತದ, ಅದರಾಗ ದಿನಕ್ಕ ಎಷ್ಟು ತಾಸು ನೋಡಿದ್ರಿ, ಎಷ್ಟು ಸಲ ಲಾಕ್ ತಗದ್ರಿ, ಎಷ್ಟು ನೋಟಿಫಿಕೇಶನ್ ಬಂದ್ವು ಎಲ್ಲಾ ತೋರಸ್ತದ, ಐಫೋನ್ ಇದ್ರ ಅದಕ್ಕ ಸ್ಕ್ರೀನ್ ಟೈಮ್ ಅಂತಾರ. ವಾರ ಆದ ಮ್ಯಾಲ ಚೀಟಿ ಮತ್ತ ಫೋನಿನ ಲೆಕ್ಕ ಎರಡೂ ಬಾಜೂಬಾಜು ಇಟ್ಟು ನೋಡ್ರಿ. ನನ್ನ ಚೀಟಿದಾಗ ಹೆಚ್ಚಿಗಿ ಇದ್ದಿದ್ದು "ಟೈಮ್ ನೋಡ್ಲಾಕ". ಟೈಮ್ ನೋಡ್ಲಾಕ ಎತ್ತಿ ಇಪ್ಪತ್ತು ನಿಮಿಷ ಆದ ಮ್ಯಾಲ ಕೆಳಗ ಇಟ್ಟೀನಿ, ಇಟ್ಟ ಮ್ಯಾಲ ಟೈಮ್ ಎಷ್ಟು ಅಂತ ಕೇಳಿದ್ರ ಹೇಳ್ಲಾಕ ಬರ್ತಿರ್ಲಿಲ್ಲ. ಅಂದ್ರ ಫೋನಿನ ಚಟ ಅಂತ ನಾ ಅನ್ಕೊಂಡಿದ್ದು ಅರ್ಧಕ್ಕರ್ಧ ಕೈಗಡಿಯಾರ ಇಲ್ಲದ್ದರ ತ್ರಾಸ ಇತ್ತು.

ಇದು ತಿಳದ ಮ್ಯಾಲ ಮಾಡಬೇಕಾದದ್ದು ಸುಲಭ. ಫೋನು ಯಾವ್ಯಾವ ಸಣ್ಣ ಕೆಲಸದ ನೆಪದಿಂದ ಹಾಸಿಗಿ ತನಕ ಬಂದದೋ ಆ ಕೆಲಸ ಒಂದೊಂದಾಗಿ ವಾಪಸ್ ತಗೊಂಡು ಅದರ ಹಳೇ ಸಾಮಾನಿಗಿ ಕೊಡ್ರಿ. ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರ್‌ದಾಗ ಗಡಿಯಾರ ರಿಪೇರಿ ಅಂಗಡಿಯವರ ಹತ್ರ ಸೆಲ್ ಹಾಕೋ ಸಾದಾ ಅಲಾರ್ಮ್ ಗಡಿಯಾರ ಇನ್ನೂ ಸಿಗ್ತಾವ, ನಾ ಒಂದು ತಂದು ತಲಿದಿಂಬಿಲಿಂದ ನಾಕು ಹೆಜ್ಜಿ ದೂರ ಕಿಡಕಿ ಮ್ಯಾಲ ಇಟ್ಟೀನಿ, ಎದ್ದು ಹೋಗೇ ಬಂದ್ ಮಾಡ್ಬೇಕು. ಅಪ್ಪನ ಹಳೇ ಕೈಗಡಿಯಾರಕ್ಕ ಪಟ್ಟಿ ಹಾಕಿಸ್ದೆ. ಕರೆಂಟ್ ಹೋದ್ರ ಅಂತ ಒಂದು ಸಣ್ಣ ಬ್ಯಾಟರಿ ಬಾಗಲದ ಹತ್ರ ಮೊಳಿಗಿ ತೂಗಾಕ್ದೆ. ಕ್ಯಾಲೆಂಡರ್ ಅಂತೂ ಎಲ್ಲರ ಮನ್ಯಾಗೂ ಗ್ವಾಡಿಗಿ ಇರ್ತದ, ಅಮಾಸಿ ಹುಣ್ಣಿಮಿ ನೋಡ್ಲಾಕ ಅದೇ ಛಲೋ. ಹಿಂಗ ನಾಕು ಸಾಮಾನು ಮನಿಗಿ ಬಂದ್ವು ಅಂದ್ರ ರಾತ್ರಿ ಹತ್ತರ ಮ್ಯಾಲ ಫೋನಿಗಿ ನಮ್ಮ ಖೋಲಿಯೊಳಗ ಕೆಲಸ ಉಳ್ಯಂಗಿಲ್ಲ.

ಇನ್ನ ಫೋನಿಗಿ ಒಂದು ಜಾಗ ಬೇಕು. ನಮ್ಮದು ಹಳೇ ಮನಿ, ಗ್ವಾಡ್ಯಾಗ ಮಾಡ ಅವ, ಮೊದಲು ದೀಪ ಇಡೋ ಮಾಡ. ಪಡಸಾಲ್ಯಾಗಿನ ಮಾಡದ ಬಾಜೂಕ ಪ್ಲಗ್ ಹಾಕ್ಸಿ ಅಲ್ಲೇ ಚಾರ್ಜಿಗಿ ಇಡ್ತೀವಿ, ಮನ್ಯಾಗಿನ ಎಲ್ಲರ ಫೋನೂ ಅಲ್ಲೇ. ನಿಮ್ಮದು ಆರ್‌ಸಿಸಿ ಮನಿ ಇದ್ರ ಒಂದು ಹಲಗಿ ಬಡೀರಿ, ಟಿವಿ ಸ್ಟ್ಯಾಂಡ್ ಮ್ಯಾಲ ಇಡ್ರಿ, ಎಲ್ಲಿಟ್ರೂ ಒಂದೇ ಜಾಗ ಇರ್ಬೇಕು, ಅದು ಕೂಡೋ ಜಾಗದ ಹತ್ರ ಇರಬಾರ್ದು. ಫೋನು ನೋಡ್ಬೇಕಂದ್ರ ಎದ್ದು ಹೋಗಿ ನಿಂತೇ ನೋಡ್ಬೇಕು. ನಿಂತು ನೋಡೋದ್ರಾಗ ಒಂದು ಗುಣ ಅದ, ಕೆಲಸ ಮುಗದ ಕೂಡ್ಲೇ ಕಾಲು ತಾನೇ ತಿರಗ್ತದ.

ನೋಟಿಫಿಕೇಶನ್ ವಿಷಯ ಲಗೂನ ಮುಗಸ್ತೀನಿ, ಇದು ಅರ್ಧ ತಾಸಿನ ಕೆಲಸ. ಫೋನ್ ಕಾಲು, ಬ್ಯಾಂಕಿನ ಎಸ್ಸೆಮ್ಮೆಸ್ಸು, ಮನಿಮಂದಿ ಮೆಸೇಜು ಇಷ್ಟು ಬಿಟ್ಟು ಉಳದ ಎಲ್ಲಾ ಆ್ಯಪಿನ ಸಪ್ಪಳ ಬಂದ್ ಮಾಡ್ರಿ. ವಾಟ್ಸಾಪ್ ಗ್ರೂಪಿಗಿ ಮ್ಯೂಟ್ ಒತ್ತಿದ್ರ ಎಂಟು ತಾಸು, ಒಂದು ವಾರ, ಯಾವಾಗ್ಲೂ ಅಂತ ಮೂರು ಕೇಳ್ತದ, ಮೂರನೇದೇ ಒತ್ರಿ. ಗ್ರೂಪ್ ಬಿಟ್ರ ಬಳಗದಾಗ ಯಾರಿಗಾದ್ರೂ ಬ್ಯಾಸರ ಆಗ್ತದ ಅನ್ನೋದಿದ್ರ ಆರ್ಕೈವ್ ಮಾಡಿ ಒಳಗ ಇಡ್ರಿ, ದಿನಕ್ಕೊಮ್ಮೆ ನೋಡ್ರಿ. ಸ್ಟೋರೇಜ್ ಸೆಟ್ಟಿಂಗಿನ್ಯಾಗ ಫೋಟೋ ವಿಡಿಯೋ ತಾನೇ ಇಳಿಯೋದು ಬಂದ್ ಮಾಡ್ರಿ, ಇಲ್ಲಂದ್ರ ಶುಭೋದಯದ ಹೂವಿನ ನಡುವ ನಿಮ್ಮ ಮಗಳ ಫೋಟೋ ಹುಡುಕ್ಬೇಕಾಗ್ತದ. ರಾತ್ರಿ ಪರದಿ ಕಪ್ಪು ಬಿಳಿ ಆಗೋ ಹಂಗ ಬೆಡ್‌ಟೈಮ್ ಮೋಡ್ ಅದ, ನನಗ ಅದರಿಂದ ಒಂದೀಟು ಫಾಯಿದಾ ಆಯ್ತು, ಬಣ್ಣ ಹೋದ ಮ್ಯಾಲ ಬೆರಳು ತಾನೇ ನಿಂದರ್ತದ.

ಸ್ಮಾರ್ಟ್‌ಫೋನ್ ಪೂರಾ ಬಿಟ್ಟು ಬಟನ್ ಫೋನ್ ತಗೋರಿ ಅಂತ ಹೇಳೋರು ಭಾಳ ಮಂದಿ ಅದಾರ. ನಾ ಹೇಳಂಗಿಲ್ಲ. ಗಂಜ್ ಮುಂದ ಸೊಪ್ಪು ಮಾರೋ ಯವ್ವನ ಹತ್ರನೂ ಕ್ಯೂಆರ್ ಕೋಡ್ ಅದ, ಸಾಲಿಯವ್ರು ಎಲ್ಲಾ ಫೋನಿಗೇ ಕಳಸ್ತಾರ, ಅವ್ವನ ದವಾಖಾನಿ ರಿಪೋರ್ಟು ಫೋನಿಗೇ ಬರ್ತಾವ. ಹದಿನೈದು ದಿನ ಬಿಟ್ಟು ನೋಡಿದೆ, ಆ ಹದಿನೈದು ದಿನ ನನ್ನ ಕೆಲಸ ಎಲ್ಲಾ ಹೆಂಡತಿ ಫೋನಿನ ಮ್ಯಾಲ ಬಿದ್ದು ಆಕಿಗಿ ಎರಡು ಪಟ್ಟು ತ್ರಾಸ ಆಯ್ತು. ಒಬ್ಬರ ನೆಮ್ಮದಿ ಇನ್ನೊಬ್ಬರ ತಲಿಮ್ಯಾಲ ಹೊರಿಸಿ ತಗೊಳ್ಳೋದು ನನಗ ಸರಿ ಅನಸಂಗಿಲ್ಲ.

ಇನ್ನ ಕಿರ್ದಿಗಿ ಬರ್ರಿ

ವಹಿ ಯಾವ್ದು ತಗೋಬೇಕು? ಸಾಲಿ ಹುಡುಗ್ರು ಬರಿಯೋ ಗೆರಿ ಇರೋ ನೋಟ್‌ಬುಕ್, ನೂರು ಪುಟದ್ದು, ಕಿಸೆದಾಗ ಹಿಡಿಯಂಗಿಲ್ಲ ಆದ್ರ ಕೈಚೀಲದಾಗ ಹಿಡೀತದ. ಚರ್ಮದ ರಟ್ಟಿನ ತುಟ್ಟಿ ಡೈರಿ ತಗೋಬ್ಯಾಡ್ರಿ, ಅದರ ಮೊದಲ ಪುಟದ ಮುಂದ ಕೂತು ಏನರೆ ದೊಡ್ಡದು ಬರೀಬೇಕು ಅಂತ ಅನಿಸಿ ಪೆನ್ನೇ ಏಳಂಗಿಲ್ಲ. ಸಾದಾ ವಹಿಯೊಳಗ ಹೊಡದು ಹಾಕ್ಲಾಕ ಅಂಜಿಕಿ ಬರಂಗಿಲ್ಲ. ಪೆನ್ನು ಬಾಲ್‌ಪೆನ್ನೇ ಇರ್ಲಿ. ನಮ್ಮ ಕಡೆ ಮೇ ತಿಂಗಳದಾಗ 42, 43 ಡಿಗ್ರಿ ಬಿಸಲಿರ್ತದ, ಮುಂಗೈ ಬೆವರು ಪುಟಕ್ಕ ಹತ್ತಿ ಇಂಕ್ ಪೆನ್ನಿನ ಅಕ್ಷರ ಹರೀತಾವ, ನನ್ನ ಮೊದಲ ವಹಿದಾಗ ಎರಡು ಪುಟ ಪೂರಾ ನೀಲಿ ಆಗ್ಯಾವ. ಕೈಕೆಳಗ ಒಂದು ದಸ್ತಿ ಹಾಸ್ಕೊಂಡು ಬರೀರಿ.

ಪುಟಕ್ಕ ನಂಬರ್ ಹಾಕ್ರಿ. ಬಲಗಡೆ ಪುಟದಾಗಷ್ಟೇ ಬರದು ಎಡಗಡೆದು ಖಾಲಿ ಬಿಡ್ರಿ, ಆಮ್ಯಾಲ ನೆನಪಾಗಿದ್ದು, ಯಾರರೆ ತಿದ್ದಿದ್ದು, ಬಸ್ ಟಿಕೆಟು, ಬಿತ್ತಿದ ಬೀಜದ ಪಾಕೀಟಿನ ಚೂರು ಅಂಟಿಸ್ಲಾಕ ಬೇಕಾಗ್ತದ. ಕೊನಿ ನಾಕು ಪುಟ ಪಟ್ಟಿಗಿ ಇಡ್ರಿ, "ಸಜ್ಜಿ ರೊಟ್ಟಿ 14, 37" ಹಿಂಗ ಶಬ್ದ, ಮುಂದ ಪುಟದ ನಂಬರ್. ಇಷ್ಟೇ ವ್ಯವಸ್ಥಾ. ಇದಕ್ಕಿಂತ ಹೆಚ್ಚಿಗಿ ಬಣ್ಣದ ಪೆನ್ನು, ಸ್ಟಿಕ್ಕರ್ ಅಂತ ಹೋದ್ರ ಸಿಂಗಾರ ಮಾಡೋದ್ರಾಗೇ ಹೊತ್ತು ಹೋಗ್ತದ.

ಬರಿಯೋದು ಏನು? ಭಾಳ ಮಂದಿ ಇಲ್ಲೇ ನಿಂತುಬಿಡ್ತಾರ. ಕಿರ್ದಿಯೊಳಗ ವಿಚಾರ ಬರೀಬ್ಯಾಡ್ರಿ, ಆಗಿದ್ದು ಬರೀರಿ. ಕಂಡಿದ್ದು, ಕೇಳಿದ್ದು, ಯಾರು ಏನಂದ್ರು, ಯಾವ ರೇಟು, ಯಾವ ವಾಸನಿ. ನನ್ನ ವಹಿಲಿಂದ ಒಂದು ಕೊಡ್ತೀನಿ ನೋಡ್ರಿ: "ಮೇ 9. ಗಂಜ್ ಗೇಟಿನ ಮುಂದ ಚಾದ ಬಂಡಿ. ಹಮಾಲ ಕಾಕಾ ಚಾ ಬಶಿಗಿ ಸುರುವಿ ಮೂರು ಗುಟುಕಿನ್ಯಾಗ ಕುಡ್ದ. ಹೆಗಲ ಮ್ಯಾಲ ಗೋಣಿಚೀಲದ ಗೆರಿ ಮೂಡ್ಯಾವ, ನೇಯ್ಗಿ ಸೈತ ಕಾಣ್ತದ. ಬಿಸಿಲು ಬಡೀಲತ್ತದ ತಮ್ಮಾ, ನೆಳ್ಳಿಗಿ ಬಾ ಅಂದ." ನಾಕು ಸಾಲು, ಐದು ನಿಮಿಷ. ಆ ದಿನ ಇದರಾಗ ಏನೂ ವಿಶೇಷ ಕಂಡಿರ್ಲಿಲ್ಲ. ಎರಡು ವರ್ಷ ಆದ ಮ್ಯಾಲ ಹಮಾಲರ ಬಗ್ಗೆ ಬರಿಲಾಕ ಕೂತಾಗ ಆ ಗೋಣಿ ಗೆರಿನೇ ನನಗ ಪೂರಾ ಬರಹ ಕೊಟ್ತು. ಆವತ್ತು ಫೋನ್ದಾಗ ಫೋಟೋ ತಗದಿದ್ರ ಗೆರಿ ಬರ್ತಿತ್ತೋ ಏನೋ, ಆದ್ರ ಫೋನು ಎತ್ತಿ ಹಿಡದಿದ್ರ ಆ ಕಾಕಾ ನೆಳ್ಳಿಗಿ ಬಾ ಅಂತಿರ್ಲಿಲ್ಲ, ಸೆಟೆದು ನಿಂದ್ರತಿದ್ದ.

ಮಾತು ಬರೆಯುವಾಗ ಅವ್ರು ಅಂದಂಗೇ ಬರೀರಿ, ಪುಸ್ತಕದ ಕನ್ನಡಕ್ಕ ತಿರಗಿಸ್ಬ್ಯಾಡ್ರಿ. "ಹೊಂಟೀನಿ" ಅಂದಿದ್ದಕ್ಕ "ಹೊರಟಿದ್ದೇನೆ" ಅಂತ ಬರದ್ರ ಆ ಮನಷ್ಯಾನೇ ಹೊಂಟು ಹೋಗ್ತಾನ. ಉರ್ದು ಶಬ್ದ ಬಂದ್ರ ಅದೇ ಇರ್ಲಿ, ಜರಾ, ಜಲ್ದಿ, ತಕರಾರು, ನಮ್ಮ ಬಾಯಿಗಿ ಇವೆಲ್ಲಾ ಕನ್ನಡನೇ.

ಹೊತ್ತು ಯಾವ್ದು ಅಂತ ಕೇಳಿದ್ರ, ದಿನಾ ಒಂದೇ ಹೊತ್ತು ಇರ್ಲಿ ಅಂತ ಹೇಳ್ತೀನಿ. ನಾ ಸಂಜಿಮುಂದ ಕೆಲಸಲಿಂದ ಬಂದು, ಕೈಕಾಲು ಮಾರಿ ತೊಳ್ಕೊಂಡು, ಚಾ ಆಗೋದ್ರೊಳಗ ಬರೀತೀನಿ. ಏನೂ ಇಲ್ಲದ ದಿನ ತಾರೀಖು ಹಾಕಿ ಹವಾ ಹೆಂಗಿತ್ತು ಅಂತ ಒಂದು ಸಾಲು. ಬಿಟ್ಟ ದಿನ ಆಮ್ಯಾಲ ತುಂಬ್ಲಾಕ ಹೋಗ್ಬ್ಯಾಡ್ರಿ, ಖಾಲಿ ಇದ್ರ ಖಾಲಿ ಇರ್ಲಿ. ನಮ್ಮವ್ವಗ ಓದು ಬರಹ ಬರಂಗಿಲ್ಲ, ಆಕಿ ಹಾಲಿನ ಲೆಕ್ಕ ಅಡಗಿಮನಿ ಬಾಗಲದ ಬಾಜೂಕ ಶಹಾಬಾದಿ ಫರ್ಸಿ ಮ್ಯಾಲ ಇದ್ಲಿಲಿಂದ ಗೀಟು ಹಾಕಿ ಇಡ್ತಿದ್ಳು, ಅರ್ಧ ಸೇರಿಗಿ ಸಣ್ಣ ಗೀಟು, ಸೇರಿಗಿ ಉದ್ದ ಗೀಟು, ಹಾಲಿನವ ಬರಲಿಲ್ಲಂದ್ರ ಒಂದು ಬೆರಳಷ್ಟು ಜಾಗ ಖಾಲಿ. ತಿಂಗಳ ಕೊನಿಗಿ ಹಾಲಿನವನ ಜೊತಿ ನಿಂತು ಎಣಿಸಿ, ರೊಕ್ಕ ಕೊಟ್ಟು, ಒದ್ದಿ ಅರಿವಿಲಿಂದ ಒರಸ್ತಿದ್ಳು. ಒಂದು ತಿಂಗಳೂ ಜಗಳ ಆಗಿದ್ದು ನನಗ ನೆನಪಿಲ್ಲ. ಆ ಖಾಲಿ ಬೆರಳಿನ ಜಾಗ ಸುಳ್ಳು ಹೇಳ್ತಿರ್ಲಿಲ್ಲ.

ಖತಾವಣಿ ಐತವಾರ

ವಾರಕ್ಕೊಮ್ಮೆ, ನನಗ ಐತವಾರ ಮುಂಜಾನೆ, ವಹಿ ತಗದು ವಾರದ್ದೆಲ್ಲಾ ಓದಿ ಯಾವ್ದು ಎತ್ತಿ ಬರಿಯೋ ಹಂಗ ಅದ ಅದನ್ನಷ್ಟೇ ಫೋನಿಗೋ ಕಂಪ್ಯೂಟರಿಗೋ ಹಾಕ್ತೀನಿ. ಹತ್ತರಾಗ ಮೂರು ಇರಬಹುದು. ಉಳದಿದ್ದು ವಹಿದಾಗೇ ಇರ್ಲಿ, ಅದೇನೂ ಹಾಳಾಗಂಗಿಲ್ಲ.

ಟೈಪ್ ಮಾಡೋದು ಯೂನಿಕೋಡ್‌ದಾಗೇ ಇರ್ಬೇಕು, ಇದರಾಗ ಮಾತೇ ಇಲ್ಲ, ಯೂನಿಕೋಡ್ ಅಂದ್ರ ಎಲ್ಲಾ ಕಂಪ್ಯೂಟರ್ ಫೋನಿಗೂ ಒಂದೇ ಇರೋ ಅಕ್ಷರದ ಕೋಡ್. ಯೂನಿಕೋಡ್‌ದಾಗ ಕನ್ನಡ 1991ರ ಮೊದಲ ಆವೃತ್ತಿಯೊಳಗೇ ಸೇರ್ಯದ, ಆದ್ರೂ ನಮ್ಮ ಕಡೆ ಎಷ್ಟೋ ಡಿಟಿಪಿ ಅಂಗಡ್ಯಾಗ ಲಗ್ನಪತ್ರ, ಕರಪತ್ರ, ಸಣ್ಣ ಪುಸ್ತಕ ಇನ್ನೂ ಹಳೇ ಫಾಂಟಿನ್ಯಾಗೇ ಆಗ್ತಾವ. ಹಳೇ ಫಾಂಟು ಏನು ಮಾಡ್ತಿತ್ತಂದ್ರ ಒಳಗ ಇಂಗ್ಲಿಷ್ ಅಕ್ಷರದ ಕೋಡ್ ಇಟ್ಟು ಮ್ಯಾಲ ಕನ್ನಡದ ಚಿತ್ರ ತೋರಸ್ತಿತ್ತು, ಆ ಫಾಂಟ್ ಇಲ್ಲದ ಕಂಪ್ಯೂಟರಿಗಿ ಹೋದ ಕೂಡ್ಲೇ ಚಿತ್ರ ಹೋಗಿ ಒಳಗಿನ ಕೋಡ್ ಹೊರಗ ಬೀಳ್ತದ. ನಿಮ್ಮ ಹತ್ರ ಅಂಥಾ ಹಳೇ ಫೈಲ್ ಇದ್ರ ಒಗೀಬ್ಯಾಡ್ರಿ, ಯೂನಿಕೋಡಿಗಿ ತಿರಗಸೋ ಕನ್ವರ್ಟರ್ ಪುಕ್ಕಟ ಸಿಗ್ತಾವ, ತಿರಗ್ಸಿದ ಮ್ಯಾಲ ಅರ್ಕಾವತ್ತು ಮತ್ತ ಒತ್ತಕ್ಷರ ಇದ್ದ ಕಡೆ ಕಣ್ಣಿಟ್ಟು ಓದ್ರಿ, ತಪ್ಪು ಆಗೋದು ಅಲ್ಲೇ. ನನ್ನ ಹೋದ ಫೈಲಿನ್ಯಾಗ ಮುಕ್ಕಾಲು ಪಾಲು ಹಿಂಗೇ ವಾಪಸ್ ಬಂದ್ವು, ಎರಡು ತಿಂಗಳು ದಿನಾ ಅರ್ಧರ್ಧ ತಾಸು ಕೂತು ತಿದ್ದೀನಿ.

ಕಂಪ್ಯೂಟರಿನ್ಯಾಗ ನಾ ಕೆ.ಪಿ. ರಾವ್ ಅವ್ರು ರೂಪಿಸಿದ ಕೀಲಿಮಣಿ ವಿನ್ಯಾಸ ಬಳಸ್ತೀನಿ, ಒತ್ತಕ್ಷರ ಬೇಕಂದ್ರ ನಡುವ ಎಫ್ ಒತ್ತೋದು, ಒಂದು ವಾರದಾಗ ಕೈಗಿ ಕೂಡ್ತದ. ಫೋನ್ದಾಗ ನಿಮಗ ಯಾವ್ದು ಅನುಕೂಲ ಅದೇ ಇರ್ಲಿ. ಬಾಯಿಲೆ ಹೇಳಿ ಟೈಪ್ ಮಾಡಸೋದು ಜಲ್ದಿ ಆಗ್ತದ ಖರೆ, ಆದ್ರ ನಮ್ಮ ಮಾತು ಅದಕ್ಕ ಪೂರಾ ತಿಳ್ಯಂಗಿಲ್ಲ, "ಮಾಡ್ಲತ್ತೀನಿ" ಅಂದ್ರ ಬ್ಯಾರೆ ಏನೋ ಬರೀತದ, ಅದಕ್ಕ ತಿಳಿಲಿ ಅಂತ ನಾವು ಬೆಂಗಳೂರು ಕನ್ನಡದಾಗ ಹೇಳ್ಲಾಕ ಸುರು ಮಾಡ್ತೀವಿ. ಇದನ್ನ ಒಂದು ಸಲ ನನ್ನ ಬಾಯಾಗೇ ಕೇಳಿ ಬೆಚ್ಚಿದೆ. ಅದಕ್ಕ ಗೂಗಲ್ ಕೀಬೋರ್ಡ್ ಆದ ಜಿಬೋರ್ಡ್ ಸೆಟ್ಟಿಂಗಿನ್ಯಾಗ ಡಿಕ್ಷನರಿ ಒಳಗ ಪರ್ಸನಲ್ ಡಿಕ್ಷನರಿ ಅಂತ ಅದ, ಅಲ್ಲಿ ನಮ್ಮ ಶಬ್ದ ಒಂದೊಂದಾಗಿ ಸೇರಿಸ್ರಿ, ಭಜ್ಜಿ, ಚರಗ, ಮುತ್ಯಾ, ಬ್ಯಾಸಗಿ. ಸೇರಿಸಿದ ಮ್ಯಾಲ ಕೈಲೆ ಟೈಪ್ ಮಾಡುವಾಗ ಅವೇ ಶಬ್ದ ಮುಂದ ತಂದು ಕೊಡ್ತದ.

ಫೈಲಿಗಿ ಹೆಸರು ಇಡುವಾಗ ವರ್ಷ ಮೊದಲು, ಆಮ್ಯಾಲ ತಿಂಗಳು, ಆಮ್ಯಾಲ ದಿನ, ಆಮ್ಯಾಲ ವಿಷಯ. 2022-12-18 ತೊಗರಿ, ಹಿಂಗ. ಹಿಂಗ ಇಟ್ರ ಫೈಲ್ ತಾವೇ ಸಾಲಾಗಿ ನಿಂದ್ರತಾವ. ಖತಾವಣಿ ಶಕ್ತಿ ಎಲ್ಲಾ ಇಲ್ಲೇ ಅದ. ಒಂದಿನ ಫೋನ್ದಾಗ ತೊಗರಿ ಅಂತ ಹುಡುಕಿದೆ, 2019ರಾಗ ಕಲಬುರಗಿ ತೊಗರಿ ಬ್ಯಾಳಿಗಿ ಜಿಐ ಟ್ಯಾಗ್ (ಇದು ಇದೇ ಊರಿನ ಮಾಲು ಅನ್ನೋ ಸರಕಾರಿ ಗುರುತು) ಬಂದಾಗ ಮಿಲ್ಲಿನ್ಯಾಗ ಪೇಡೆ ಹಂಚಿದ್ದು, 2022ರ ಕೊನಿಗಿ ನೆಟೆ ರೋಗ ಬಂದು ಕಾಯಿ ಹಿಡದ ಗಿಡ ನಿಂತಲ್ಲೇ ಒಣಗಿದಾಗ ಆಳಂದ ಕಡಿ ನಮ್ಮ ಮಾಮಾ ಹೊಲದ ಬದುವಿನ ಮ್ಯಾಲ ಸುಮ್ನ ಕೂತಿದ್ದು, ಎರಡೂ ಒಂದರ ಕೆಳಗ ಒಂದು ಬಂದ್ವು. ವಹಿದಾಗ ಇವೆರಡರ ನಡುವ ಮೂರು ವಹಿ ಅಂತರ ಇತ್ತು. ಕೂಡಿಸಿ ತೋರಸೋ ಈ ಕೆಲಸ ಕೈಬರಹಕ್ಕ ಆಗಂಗಿಲ್ಲ, ಅದಕ್ಕೇ ಫೋನು ಬೇಕು.

ಹುಡುಕೋ ವಿಷಯದಾಗ ಇನ್ನೊಂದು. 2014 ನವೆಂಬರ್ 1ಕ್ಕ ಗುಲ್ಬರ್ಗ ಹೋಗಿ ಅಧಿಕೃತವಾಗಿ ಕಲಬುರಗಿ ಆಯ್ತು, ನನ್ನ ಹಳೇ ಫೈಲಿನ್ಯಾಗ ಗುಲ್ಬರ್ಗಾ ಅದ, ಗುಲಬರ್ಗಾ ಅದ, ಕಲಬುರ್ಗಿ ಅದ, ಕಲಬುರಗಿ ಅದ. ಒಂದು ಹಾಕಿ ಹುಡುಕಿದ್ರ ಉಳದ ಮೂರು ಬರಂಗಿಲ್ಲ. ಊರಿನ ಹೆಸರು, ಮಂದಿ ಹೆಸರು, ಊಟದ ಹೆಸರು ಒಂದೇ ಥರ ಬರಿಯೋ ರೂಢಿ ಮಾಡ್ಕೋರಿ, ಹಳೇವಕ್ಕ ಕೆಳಗ ಒಂದು ಸಾಲಿನ್ಯಾಗ ಎಲ್ಲಾ ರೂಪನೂ ಬರದು ಬಿಡ್ರಿ.

ಬರದಿದ್ದು ಅದೇ ದಿನ ಹಾಕ್ಬ್ಯಾಡ್ರಿ. ಮೂರು ರಾತ್ರಿ ಕಳಿಲಿ. ಸಿಟ್ಟಿನ್ಯಾಗ ಬರದಿದ್ದು ಮೂರನೇ ಮುಂಜಾನೆ ಓದಿದ್ರ ಅದರಾಗಿನ ಎರಡು ಸಾಲು ತಗೀಬೇಕು ಅನಿಸೇ ಅನಸ್ತದ. ಇನ್ನೊಬ್ಬರ ಮನಿ ಮಾತು ಇದ್ರ ಅವರನ್ನ ಕೇಳಿ ಹಾಕ್ರಿ. ಒಂದು ಸಲ ನಮ್ಮ ಅತ್ತಿ ಹೇಳಿದ್ದ ಬರಗಾಲದ ಮಾತು ಕೇಳ್ದೆ ಹಾಕಿದ್ದೆ, ಆಕಿ ಮೊಮ್ಮಗ ಅದನ್ನ ಆಕಿ ಮುಂದ ಓದ್ಯಾನ, ಹಸದು ಮಲಗಿದ್ದು ನಾಕು ಮಂದಿಗಿ ಯಾಕ ಹೇಳ್ದಿ ಅಂತ ಆಕಿ ನನ್ನ ಜೊತಿ ಎರಡು ತಿಂಗಳು ಮಾತಾಡ್ಲಿಲ್ಲ. ತಗದು ಹಾಕ್ದೆ. ತಗದ್ರೂ ಓದಿದವರು ಓದ್ಯಾರ. ಹಾಕಿದ ಮ್ಯಾಲ ಎಷ್ಟು ಮಂದಿ ನೋಡ್ಯಾರ ಅಂತ ನೋಡ್ಲಾಕ ನಾ ಈಗ ಒಂದೇ ಹೊತ್ತು ಇಟ್ಟೀನಿ, ಮರುದಿನ ಸಂಜಿಗಿ ಒಮ್ಮೆ, ಮಾಡದ ಮುಂದ ನಿಂತು.

ಫೋನು ಗೆಲ್ಲೋ ಜಾಗ

ಹಾಡು, ದನಿ, ಉಚ್ಚಾರ ಇವಕ್ಕ ವಹಿ ಸಾಲಂಗಿಲ್ಲ. ನಮ್ಮ ಆಯಿ, ಅಂದ್ರ ಅಜ್ಜಿ, ಆಳಂದ ತಾಲೂಕಿನ ಹಳ್ಳ್ಯಾಗ ಇರ್ತಾಳ, ಎಂಬತ್ತು ದಾಟ್ಯದ, ಬೀಸೋ ಪದ ಭಾಳ ಬರ್ತಾವ. ಮೊದಲ ಸಲ ರೆಕಾರ್ಡ್ ಮಾಡ್ಲಾಕ ಹೋದಾಗ ಮ್ಯಾಲ ಫ್ಯಾನು ತಿರಗ್ಲತ್ತಿತ್ತು, ಮನಿಗಿ ಬಂದು ಕೇಳಿದ್ರ ಬರೇ ಫ್ಯಾನಿನ ಸಪ್ಪಳ. ನಡುವ ಒಂದು ಕಾಲ್ ಬಂದು ರೆಕಾರ್ಡಿಂಗ್ ಕಡದು ಹೋಗಿತ್ತು. ಅದಕ್ಕ ನೀವು ಮಾಡುವಾಗ ನಸಕಿನ್ಯಾಗ ಮಾಡ್ರಿ, ಫ್ಯಾನ್ ಬಂದ್ ಮಾಡಿದ್ರೂ ಶೆಕಿ ಆಗಂಗಿಲ್ಲ, ರಸ್ತಾದಾಗ ಗಾಡಿ ಇರಂಗಿಲ್ಲ. ಫೋನು ಏರ್‌ಪ್ಲೇನ್ ಮೋಡಿಗಿ ಹಾಕ್ರಿ. ಬರೇ ಫರ್ಸಿ ಮ್ಯಾಲ ಇಡ್ಬ್ಯಾಡ್ರಿ, ಮಡಚಿದ ಕೌದಿ ಮ್ಯಾಲ, ಹಾಡೋರ ಬಾಯಿಲಿಂದ ಒಂದು ಮೊಳ ದೂರ, ಮೈಕಿನ ತೂತು ಅವರ ಕಡೆ. ಒಂದು ನಿಮಿಷ ಮಾಡಿ ಕೇಳಿ ನೋಡಿ ಆಮ್ಯಾಲ ಸುರು ಮಾಡ್ರಿ. ಮೊದಲು ತಾರೀಖು, ಊರು, ಹಾಡೋರ ಹೆಸರು ನಿಮ್ಮ ದನಿಯೊಳಗ ಹೇಳ್ರಿ, ಹತ್ತು ವರ್ಷದ ಮ್ಯಾಲ ಫೈಲಿನ ಹೆಸರು ಬದಲಾಗಿದ್ರೂ ಅದು ಒಳಗ ಇರ್ತದ.

ಇನ್ನೊಂದು ನಾ ಕಲ್ತಿದ್ದು, ಹಾಡು ಅಂತ ಕೂಡಿಸಿದ್ರ ಹಾಡು ಬರಂಗಿಲ್ಲ. ಆಯಿ ಮಂಚದ ಮ್ಯಾಲ ಕೂತು ಮೂರನೇ ಸಾಲಿಗಿ ನಿಂತುಬಿಡ್ತಿದ್ಳು, ಮರ್ತೀನಿ ಕೂಸೇ ಅಂತಿದ್ಳು. ಆವಾಗ ನಮ್ಮ ಚಿಗವ್ವ ಮೂಲ್ಯಾಗಿನ ಬೀಸೋಕಲ್ಲು ಎಳದು ತಂದು ಒಂದು ಬೊಗಸಿ ಜೋಳ ಹಾಕಿದ್ಳು. ಆಯಿ ಗೂಟಕ್ಕ ಕೈ ಹಚ್ಚಿ ಎರಡು ಸುತ್ತು ತಿರಗಿಸಿದ್ಳೋ ಇಲ್ಲೋ ಸಾಲಿನ ಮ್ಯಾಲ ಸಾಲು, ಅರ್ಧ ತಾಸು ನಿಂದರ್ಲಿಲ್ಲ. ಪದ ಇದ್ದಿದ್ದು ಆಕಿ ರಟ್ಟಿಯೊಳಗ. ಆ ಕಲ್ಲಿನ ಗುರುಗುರು ಸಪ್ಪಳ ರೆಕಾರ್ಡಿಂಗಿನ್ಯಾಗ ಅದ, ಅದನ್ನ ನಾ ತಗದಿಲ್ಲ.

ರೆಕಾರ್ಡ್ ಆದ ಮ್ಯಾಲ ಕೆಲಸ ಮುಗೀಲಿಲ್ಲ, ಅದನ್ನ ಕೇಳಿ ಕೈಲೆ ಬರದು ಹಾಡಿದವರ ಮುಂದೇ ಓದ್ರಿ. ನಾ ಒಂದು ಕಡೆ "ಕಣ್ಣಾಗ" ಅಂತ ಬರದಿದ್ದೆ, ಆಯಿ ಕೇಳಿ ಕಣ್ಣಾಗಲ್ಲೋ, "ಕಣದಾಗ" ಅಂದ್ಳು. ರಾಶಿ ಮಾಡೋ ಕಣ. ಇಡೀ ಪದದ ಅರ್ಥನೇ ತಿರಗಿ ನಿಂತು. ಈ ಮಾತು ಫೋನಿಗಿ ಗೊತ್ತಾಗ್ತಿರ್ಲಿಲ್ಲ, ನನಗೂ ಗೊತ್ತಾಗ್ತಿರ್ಲಿಲ್ಲ. ಆಡಿಯೋ ಯಾರಿಗಾದ್ರೂ ವಾಟ್ಸಾಪ್‌ಲಿಂದ ಕಳಸೋದಿದ್ರ ಡಾಕ್ಯುಮೆಂಟ್ ಅಂತ ಕಳಸ್ರಿ, ಫೋಟೋನೂ ಹಂಗೇ, ಇಲ್ಲಂದ್ರ ಫೋಟೋ ಒತ್ತಿ ಸಣ್ಣದು ಮಾಡಿ ಕಳಸ್ತದ. ನಮ್ಮ ಹಳ್ಳಿ ಕಡೆ ಭಜನಿ ಮ್ಯಾಳದವರ ಹತ್ರ ತತ್ವಪದದ ಕೈಬರಹದ ವಹಿ ಇರ್ತಾವ, ಎಣ್ಣಿ ಹತ್ತಿದ ಪುಟ, ಅವರು ಒಪ್ಪಿದ್ರ ಹಗಲಿನ ಬೆಳಕಿನ್ಯಾಗ, ಫ್ಲಾಶ್ ಇಲ್ಲದೆ, ಮ್ಯಾಲಿಂದ ನೆಟ್ಟಗ ಒಂದೊಂದು ಪುಟದ ಫೋಟೋ ತಗದು ಒಂದು ಪ್ರತಿ ಪ್ರಿಂಟ್ ಹಾಕ್ಸಿ ಅವರಿಗೇ ಕೊಡ್ರಿ.

ಆದ್ರ ಎಲ್ಲಾ ಕಡೆನೂ ಹಿಡೀಬ್ಯಾಡ್ರಿ. ಎಳ್ಳಮಾಸಿಗಿ ಹೊಲಕ್ಕ ಹೋದಾಗ ಚರಗ, ಅಂದ್ರ ಭೂಮಿತಾಯಿಗಿ ಎಡಿ, ಚೆಲ್ಲೋ ಹೊತ್ತಿನ್ಯಾಗ ಹೋದ ವರ್ಷದ ಹಿಂದಿನ ವರ್ಷ ನಮ್ಮ ಬಳಗದಾಗ ಏಳು ಫೋನು ಎದ್ದಿದ್ವು, ಹಿಂದ ನಿಂತು ದನಿಗೂಡಸ್ಲಾಕ ಒಬ್ಬರೂ ಇರ್ಲಿಲ್ಲ, ಮಾಮಾ ಒಬ್ಬನೇ ಕೂಗ್ಕೋತ ಜೋಳದ ಸಾಲಿನ್ಯಾಗ ಹೋಗ್ಲತ್ತಿದ್ದ. ಆ ದನಿ ಒಂಟಿ ಆಗಿ ಕೇಳಿದ್ದು ಇನ್ನೂ ನನ್ನ ಕಿವ್ಯಾಗ ಅದ. ಮರು ವರ್ಷ ಎಲ್ಲರೂ ಕೂಡಿ ಮಾತಾಡಿ ಒಂದು ನೇಮ ಮಾಡಿದ್ವಿ, ಹೊಲಕ್ಕ ಇಳದ ಕೂಡ್ಲೇ ಎಲ್ಲರೂ ನಿಂತು ಒಂದು ಫೋಟೋ, ಆಮ್ಯಾಲ ಫೋನೆಲ್ಲಾ ಬುತ್ತಿ ತಂದ ಬುಟ್ಟಿಯೊಳಗ, ಮ್ಯಾಲ ಒಂದು ಅರಿವಿ. ಭಜ್ಜಿ, ಸಜ್ಜಿ ರೊಟ್ಟಿ, ಅಂಬ್ಲಿ ಉಂಡು ಕೈ ತೊಳ್ಕೊಂಡ ಮ್ಯಾಲ ವಾಪಸ್. ಸಣ್ಣ ಹುಡುಗ್ರು ಮೊದಲು ತಕರಾರು ಮಾಡಿದ್ರು, ಆಮ್ಯಾಲ ಕಡ್ಲಿ ಕಿತ್ತು ತಿನ್ಲಾಕ ಓಡಿದ್ರು. ಆ ದಿನದ್ದು ನನ್ನ ಕಿರ್ದಿಯೊಳಗ ಆರು ಪುಟ ಆಗ್ಯದ.

ಕಾಪಾಡೋ ಕೆಲಸ ಕೊನಿಗಿ. ಖತಾವಣಿಗಿ ಮೂರು ಕಾಪಿ ಇರ್ಲಿ, ಫೋನ್ದಾಗ ಒಂದು, ಗೂಗಲ್ ಡ್ರೈವ್‌ದಾಗ ಒಂದು, ಪೆನ್‌ಡ್ರೈವ್ ಇಲ್ಲಾ ಹಾರ್ಡ್‌ಡಿಸ್ಕಿನ್ಯಾಗ ಒಂದು, ಅದನ್ನ ಬ್ಯಾರೆ ಮನ್ಯಾಗ ಇಟ್ರ ಇನ್ನೂ ಛಲೋ, ನನ್ನದು ಅಕ್ಕನ ಮನಿ ಅಲಮಾರ್ಯಾಗ ಅದ. ಆರು ತಿಂಗಳಿಗೊಮ್ಮೆ ತಗದು ಫೈಲ್ ತೆರೀತಾವ ಇಲ್ಲ ನೋಡ್ರಿ. ವರ್ಷಕ್ಕೊಮ್ಮೆ ಆ ವರ್ಷ ಬರದಿದ್ದೆಲ್ಲಾ ಝೆರಾಕ್ಸ್ ಅಂಗಡ್ಯಾಗ ಪ್ರಿಂಟ್ ತಗಸಿ ಸ್ಪೈರಲ್ ಬೈಂಡಿಂಗ್ ಹಾಕಸ್ರಿ, ಅವ್ವನ ಮುಂದ ಓದ್ಲಾಕ ಅದೇ ಅನುಕೂಲ. ತುಂಬಿದ ಕಿರ್ದಿ ವಹಿಗಿ ರಟ್ಟಿನ ಮ್ಯಾಲ ನಂಬರ್, ಯಾವ ತಾರೀಖಿಲಿಂದ ಯಾವ ತಾರೀಖು ಅಂತ ಬರದು ತಗಡಿನ ಟ್ರಂಕಿನ್ಯಾಗ ಇಡ್ರಿ, ಕೆಳಗ ಒಣಗಿಸಿದ ಬೇವಿನ ತಪ್ಪಲ, ಟ್ರಂಕು ನೆಲಕ್ಕ ಹತ್ತಬಾರ್ದು, ನಾಕು ಇಟ್ಟಂಗಿ ಮ್ಯಾಲ ಇರ್ಲಿ. ಒರಲಿ ಹತ್ತಿದ್ರ ಒಂದು ಮಳಿಗಾಲದಾಗ ಮುಗಿಸ್ತದ. ಶ್ರಾವಣ ಮುಗದ ಮ್ಯಾಲ ಒಂದಿನ ತಗದು ನೆಳ್ಳಾಗ ಹರವಿ ಗಾಳಿ ಆಡಸ್ರಿ, ಬಿಸಲಿಗಿ ಬ್ಯಾಡ.

ಹೊಸಾ ವಹಿ ನಾ ದೀಪಾವಳಿ ಪಾಡ್ಯಕ್ಕ ಸುರು ಮಾಡ್ತೀನಿ, ಅಪ್ಪನ ಅಂಗಡ್ಯಾಗ ಹೊಸಾ ಕಿರ್ದಿಗಿ ಅರಿಷಿಣ ಕುಂಕುಮ ಹಚ್ಚಿ ಮೊದಲ ಪುಟದಾಗ ಶ್ರೀ ಬರಿಯೋ ದಿನ ಅದು. ನೀವು ಪಾಡ್ಯಕ್ಕ ಕಾಯೋದೇನೂ ಬ್ಯಾಡ, ಬುಕ್ ಅಂಗಡಿ ರಾತ್ರಿ ಎಂಟೂವರಿ ತನಕ ತೆರದಿರ್ತಾವ. ಹೋಗುವಾಗ ಫೋನು ಮಾಡದಾಗೇ ಇರ್ಲಿ, ಚಿಲ್ಲರೆ ರೊಕ್ಕ ತಗೊಂಡು ಹೋಗ್ರಿ, ವಾಪಸ್ ಬರುವಾಗ ಹಾದ್ಯಾಗ ಏನು ಕಂಡ್ರಿ ಅದನ್ನೇ ಮೊದಲ ಪುಟದಾಗ ಬರೀರಿ.